ಬಿಸಿಲಿಲ್ಲದ ಓಣಿಯ ಒಕ್ಕಲು

ನೆರಳಿಗೆ ನಮ್ಮ ನಾಡಿನಲ್ಲಿ ಮೊದಲಿನಿಂದಲೂ ದೊಡ್ಡ ಮರ್ಯಾದೆ. ಹುಲಿಕಲ್-ಕುದೂರು ದಾರಿಯ ಆಲದ ಮರಗಳಿಂದಾಗಿ ತಿಮ್ಮಕ್ಕನವರ ಹೆಸರಿನ ಹಿಂದೆ ‘ಸಾಲುಮರದ’ ಎಂದು ಸೇರಿಕೊಂಡಿತು. ಮದುವೆ ಮನೆಯಲ್ಲಿ ಮೊದಲು ಏಳುವುದು ಚಪ್ಪರ. ಮೇ ತಿಂಗಳಲ್ಲಿ ಜಯನಗರದ ಕಡೆ ಕಾರು ನಿಲ್ಲಿಸಲು ಮರದಡಿ ಜಾಗ ಸಿಕ್ಕವನು ಹಕ್ಕಿ ಹಿಕ್ಕೆಯ ಯೋಚನೆಯನ್ನೂ ಬಿಟ್ಟು ಹಲ್ಲು ಕಿರಿದುಕೊಂಡೇ ಕೆಳಗಿಳಿಯುತ್ತಾನೆ. ಆದರೆ ಇದೇ ನೆರಳು ಕಾಂಪೌಂಡು ದಾಟಿ ನಮ್ಮ ಹೂಕುಂಡಗಳ ಮೇಲೆ ಬಂದು ಕೂತಿತೋ, ಅಲ್ಲಿಗೆ ಮರ್ಯಾದೆ ಮುಗಿಯಿತು. ‘ನಮ್ಮನೇಲಿ ಏನೂ ಬರಲ್ಲ ರೀ, ಬಿಸಿಲೇ ಇಲ್ಲ’ ಎಂದು ರಾಗ ಎಳೆಯುವವರು ನಮ್ಮ ಬಡಾವಣೆಯಲ್ಲಿ ಮನೆಗೊಬ್ಬರಿದ್ದಾರೆ. ನಮ್ಮ ಮನೆಯ ಪಾಲಿನ ರಾಗ ನನ್ನದು.

ನಮ್ಮದು 30-40ರ ಸೈಟು. ಬೆಂಗಳೂರಿನಲ್ಲಿ ಇಷ್ಟು ಹೇಳಿದರೆ ಸಾಕು, ಮನೆಯ ನಕ್ಷೆ ಕೇಳುವವರ ಕಣ್ಣ ಮುಂದೆ ತಾನಾಗಿ ಬಂದು ನಿಲ್ಲುತ್ತದೆ. ಉತ್ತರಕ್ಕೆ ಸೆಟ್‌ಬ್ಯಾಕ್ ಹೆಸರಿನಲ್ಲಿ ಬಿಟ್ಟ ಒಂದು ಓಣಿ. ಹಿಂದುಗಡೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಮಣ್ಣಿನ ಜಾಗ, ಅದರ ಮೂಲೆಯಲ್ಲಿ ಮನೆಗಿಂತ ಹಳೆಯದಾದ ಹೊಂಗೆ ಮರ. ಉತ್ತರದ ಪಕ್ಕದ ಸೈಟು ಬಹಳ ವರ್ಷ ಖಾಲಿ ಬಿದ್ದಿತ್ತು. ಪಾರ್ಥೇನಿಯಂ, ಒಂದು ಎಕ್ಕದ ಗಿಡ, ಆಗಾಗ ಹಬ್ಬುವ ಹಾವಿನ ಸುದ್ದಿ, ಇಷ್ಟು ಬಿಟ್ಟರೆ ಅಲ್ಲಿ ಇದ್ದದ್ದು ಬರೀ ಬೆಳಕು. ಆ ಬೆಳಕನ್ನು ನಂಬಿಕೊಂಡು ನಾನು ಓಣಿಯುದ್ದಕ್ಕೂ ಗುಲಾಬಿ, ದುಂಡುಮಲ್ಲಿಗೆ ಕುಂಡಗಳನ್ನಿಟ್ಟಿದ್ದೆ. ಖಾಲಿ ಸೈಟಿಗೆ ಒಂದು ದಿನ ಮಾಲೀಕರು ಬಂದರು, ಭೂಮಿಪೂಜೆಯ ಪ್ರಸಾದ ಕೊಟ್ಟರು, ಆಮೇಲೆ ನಾಲ್ಕು ಅಂತಸ್ತು ಎಬ್ಬಿಸಿದರು. ಪ್ರಸಾದ ತಿಂದಮೇಲೆ ಜಗಳವಾಡುವುದು ಕಷ್ಟ.

ಗುಲಾಬಿ ಗಿಡ ಮೊದಲು ಉದ್ದವಾಯಿತು. ಬೆಳಕು ಸಾಲದ ಗಿಡ ಮೊದಲು ಮಾಡುವ ಕೆಲಸವೇ ಅದು; ಗೆಣ್ಣು ಗೆಣ್ಣಿನ ನಡುವೆ ಅಂತರ ಬಿಟ್ಟುಕೊಂಡು, ಎಲೆ ತೆಳ್ಳಗೆ ಮಾಡಿಕೊಂಡು, ಎಲ್ಲಾದರೂ ಬಿಸಿಲು ಸಿಕ್ಕೀತೇ ಎಂದು ಕತ್ತು ಚಾಚುತ್ತದೆ. ‘ನೋಡೇ, ಎಷ್ಟು ಚೆನ್ನಾಗಿ ಬೆಳೀತಿದೆ’ ಎಂದು ನಮ್ಮ ಯಜಮಾನರು ಸಂತೋಷಪಟ್ಟರು. ಅವರು ಬ್ಯಾಂಕಿನಲ್ಲಿದ್ದವರು, ಎತ್ತರಕ್ಕೆ ಹೋಗುವುದೆಲ್ಲ ಅವರ ಕಣ್ಣಿಗೆ ಲಾಭವೇ. ಮಲ್ಲಿಗೆ ಸುಮ್ಮನೆ ಎಲೆ ಬಿಟ್ಟುಕೊಂಡು ಕೂತಿತು, ಮೊಗ್ಗಿನ ಮಾತೇ ಎತ್ತಲಿಲ್ಲ.

ನೆರಳಿಗೆ ಗಿಡ ಬೇಕೆಂದು ನರ್ಸರಿಗೆ ಹೋದವರಿಗೆ ನನ್ನದೊಂದು ಎಚ್ಚರಿಕೆ: ನರ್ಸರಿಯವರು ಯಾವ ಗಿಡವನ್ನೂ ‘ಬರಲ್ಲ’ ಅನ್ನುವುದಿಲ್ಲ. ‘ಬಿಸಿಲು ಬೀಳಲ್ಲ ಕಣಪ್ಪ’ ಅಂದೆ. ‘ಎಲ್ಲಾ ಬರ್ತವೆ ಮೇಡಂ, ವಾರಕ್ಕೊಂದ್ಸಲ ಗೊಬ್ಬರ ನೀರು ಹಾಕಿ’ ಅಂದ. ಹಾಗೆಂದು ಅವನು ಎತ್ತಿಕೊಟ್ಟದ್ದು ಕೆಂಪು, ಹಳದಿ, ಕಿತ್ತಳೆ ಎರಚಿದಂತಿದ್ದ ಕ್ರೋಟನ್. ಬರುತ್ತದೆ, ನಿಜ, ಸಾಯುವುದಿಲ್ಲ. ಆದರೆ ಕ್ರೋಟನ್ನಿನ ಬಣ್ಣ ಬಿಸಿಲಿನ ಕೊಡುಗೆ. ನೆರಳಿಗೆ ತಂದಿಟ್ಟರೆ ಹೊಸದಾಗಿ ಬರುವ ಎಲೆಗಳು ಒಂದೊಂದಾಗಿ ಹಸಿರಿಗೆ ಇಳಿಯುತ್ತವೆ. ಬಿಳಿ ಮಚ್ಚೆಯ ಮನಿ ಪ್ಲಾಂಟಿಗೂ ಇದೇ ಗತಿ. ಮಚ್ಚೆಯ ಬಿಳಿ ಭಾಗದಲ್ಲಿ ಪತ್ರಹರಿತ್ತಿಲ್ಲ, ಅದು ದುಡಿಯುವುದಿಲ್ಲ. ಬೆಳಕು ಕಡಿಮೆಯಾದ ಕಡೆ ದುಡಿಯುವ ಹಸಿರು ಭಾಗವೇ ಮುಂದೆ ಬರುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೂ ಇದೇ ಕಥೆ. 1889ರ ಆ ಚೆಂದದ ಗಾಜಿನ ಮನೆಯಲ್ಲಿ ಕಣ್ಣು ತುಂಬಿಸಿಕೊಂಡು ಹೊರಬಂದವರು ಗೇಟಿನ ಬಳಿ ಪೆಟೂನಿಯ, ಚೆಂಡುಹೂವು, ಡೇಲಿಯ ಹಿಡಿದು ಬಸ್ಸು ಹತ್ತುತ್ತಾರೆ. ಎಲ್ಲವೂ ಬಿಸಿಲಿನ ಮಕ್ಕಳು.

ಹಾಗೆ ನೋಡಿದರೆ ನೆರಳಿನಲ್ಲೂ ಜಾತಿಗಳಿವೆ. ಅಳೆಯಲು ಉಪಕರಣ ಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಒಂದಡಿ ಮೇಲೆ ಅಂಗೈ ಚಾಚಿ. ಬೆರಳು ಬೆರಳಾಗಿ ನೆರಳು ಬಿದ್ದರೆ ಅದು ಬಿಸಿಲಿನ ಜಾಗ. ಕೈ ಎಂದು ಗೊತ್ತಾಗುತ್ತದೆ, ಬೆರಳು ಎಣಿಸಲಾಗುವುದಿಲ್ಲ ಎಂದರೆ ಅರೆನೆರಳು. ಇಲ್ಲಿ ಬಹಳಷ್ಟು ಗಿಡ ಬದುಕುತ್ತವೆ. ಹಾಳೆಯ ಮೇಲೆ ಏನೂ ಕಾಣದಿದ್ದರೆ ಅಲ್ಲಿ ಗಿಡದ ಆಸೆ ಬಿಟ್ಟು ಸೈಕಲ್ ನಿಲ್ಲಿಸಬಹುದು. ಮರದ ನೆರಳಿಗೂ ಗೋಡೆಯ ನೆರಳಿಗೂ ಕೂಡ ವ್ಯತ್ಯಾಸವಿದೆ. ಗೋಡೆ ಬಿಸಿಲನ್ನು ತಡೆದರೂ ಮೇಲಿನ ಆಕಾಶದ ಬೆಳಕನ್ನು ಬಿಡುತ್ತದೆ. ಮರ ಹಾಗಲ್ಲ. ಅದರ ಎಲೆಗಳು ಬೆಳಕಿನಲ್ಲಿರುವ ಕೆಂಪು, ನೀಲಿಯನ್ನು ತಾವು ಉಂಡು ಉಳಿದದ್ದನ್ನು ಕೆಳಗೆ ಬಿಡುತ್ತವೆ. ಸಾಲದೆಂಬಂತೆ ಬೇರುಗಳು ಮಣ್ಣಿನ ನೀರನ್ನೂ ಹೀರಿಕೊಳ್ಳುತ್ತವೆ.

ಇದರ ಮೇಲೆ ಸೂರ್ಯನ ಆಟ ಬೇರೆ. ಇಂಗ್ಲೆಂಡಿನವರು ಬರೆದ ತೋಟದ ಪುಸ್ತಕಗಳಲ್ಲಿ ಉತ್ತರದ ಗೋಡೆ ಎಂದರೆ ಖಾಯಂ ನೆರಳು. ಅದನ್ನು ನಂಬಿಕೊಂಡು ಬೆಂಗಳೂರಿನಲ್ಲಿ ಗಿಡ ಇಟ್ಟರೆ ಮೇ ತಿಂಗಳಲ್ಲಿ ಎಲೆ ಸುಟ್ಟು ಕಂದುತ್ತದೆ. ನಾವಿರುವುದು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಯ ಮಕ್ಕಳು ಅಂದು ನೆಟ್ಟಗೆ ಕೋಲು ನಿಲ್ಲಿಸಿ ‘ಶೂನ್ಯ ನೆರಳಿನ ದಿನ’ ನೋಡುತ್ತಾರಲ್ಲ, ಅದೇ. ಅಲ್ಲಿಂದ ಮುಂದೆ ಆಗಸ್ಟ್ 18ರ ಸುಮಾರಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದ ಕಡೆಗೇ. ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡು ನಿಲ್ಲಬೇಕಾದ ನನ್ನ ಓಣಿಗೆ ಬೇಸಿಗೆಯ ನಡುಮಧ್ಯಾಹ್ನ ಅವನು ಎರಡು ಕಟ್ಟಡಗಳ ನಡುವಿನಿಂದ ನೇರ ಇಳಿಯುತ್ತಾನೆ. ಉಳಿದಂತೆ ಮಳೆಗಾಲದಲ್ಲಿ ಮೋಡ ಕಾಪಾಡುತ್ತದೆ. ಹೀಗಾಗಿ ನೆರಳಿನ ಗಿಡ ಆರಿಸುವಾಗ ‘ಎಷ್ಟು ನೆರಳು’ ಎಂಬುದರ ಜೊತೆಗೆ ‘ಯಾವ ತಿಂಗಳ ನೆರಳು’ ಎಂದೂ ಕೇಳಿಕೊಳ್ಳಬೇಕು.

ನನ್ನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮನೆಯ ಹಿಂದೆ ದೊಡ್ಡ ಮೇಪಲ್ ಮರ, ಅದರಡಿಯಲ್ಲಿ ಹೋಸ್ಟಾ. ವಾಟ್ಸಾಪಿನಲ್ಲಿ ಅವಳು ಕಳಿಸುವ ಫೋಟೋ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನೀಲಿ ಬೆರೆತ ಹಸಿರು, ಅಂಚಿಗೆ ಬಿಳಿ, ಒಂದೊಂದು ಗಿಡವೂ ಹರಿವಾಣದಷ್ಟು ಅಗಲ. ಜಪಾನ್, ಕೊರಿಯಾ, ಚೀನಾ ಕಡೆಯ ಗಿಡ ಅದು. ಚಳಿಗಾಲದಲ್ಲಿ ಎಲೆ ಉದುರಿಸಿ ಮಣ್ಣಿನಡಿ ಮಲಗಿ, ವಸಂತದಲ್ಲಿ ಏಳುತ್ತದೆ. ‘ದೊಡ್ಡಮ್ಮ, ನಿಮಗೂ ಒಂದೆರಡು ಗಡ್ಡೆ ತರ್ಲಾ’ ಎಂದು ಕೇಳಿದಳು. ಬೇಡ ಅಂದೆ. ಅದಕ್ಕೆ ಮೈ ಕೊರೆಯುವ ಚಳಿಗಾಲದ ನಿದ್ದೆ ಬೇಕೇ ಬೇಕು. ನಮ್ಮ ಡಿಸೆಂಬರಿನ ಚಳಿ ಅದಕ್ಕೆ ಆಕಳಿಕೆ ಬರಿಸಲೂ ಸಾಲದು. ಮೇಲಾಗಿ ಅಲ್ಲಿ ಜಿಂಕೆಗಳು ರಾತ್ರಿ ಬಂದು ಹೋಸ್ಟಾವನ್ನು ಬುಡಸಮೇತ ಮೇಯ್ದು ಹೋಗುತ್ತವಂತೆ. ಜಿಂಕೆ ಮೇಯ್ದು ಹೋಯಿತು ಎಂದು ದೂರುವುದರಲ್ಲೂ ಒಂದು ಗತ್ತಿದೆ. ನಮ್ಮಲ್ಲಿ ಮೇಯುವುದು ಬಸವನಹುಳು.

ಇಷ್ಟರಲ್ಲಿ ಸಾಗರದ ಕಡೆಯಿಂದ ಅತ್ತೆ ಬಂದರು. ಓಣಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ನೋಡಿ, ಬಚ್ಚಲ ನೀರು ಹೋಗುವ ಮೋರಿಯ ಪಕ್ಕ ನಿಂತರು. ‘ಇಷ್ಟು ಒಳ್ಳೆ ಜಾಗ ಇಟ್ಕಂಡು ಎಂಥಕ್ಕೆ ಸುಮ್ನೆ ಕೂತಿದೀಯ ಮಾರಾಯ್ತಿ?’

‘ಅತ್ತೆ, ಬಿಸಿಲೇ ಬರಲ್ಲ.’

‘ಬಿಸಿಲು ಯಾರಿಗೆ ಬೇಕು?’

ಅವರ ಪ್ರಶ್ನೆ ಸರಿಯೇ. ಅವರು ಹುಟ್ಟಿ ಬೆಳೆದದ್ದು ಅಡಿಕೆ ತೋಟದ ಅಡಿಯಲ್ಲಿ. ಅಲ್ಲಿ ಮೇಲೆ ಅಡಿಕೆ, ಅದರ ಮೈಗೆ ಹಬ್ಬಿದ ಕಾಳುಮೆಣಸು, ವೀಳ್ಯದೆಲೆ, ನಡುವೆ ಬಾಳೆ, ಕೆಳಗೆ ಏಲಕ್ಕಿ. ಒಂದರ ನೆರಳು ಇನ್ನೊಂದರ ಬದುಕು. ಅವರ ತವರಿನ ನೆಂಟರದು ಮೂಡಿಗೆರೆಯ ಕಡೆ ಕಾಫಿ ತೋಟ. ಮಳೆಗಾಲಕ್ಕೆ ಮುಂಚೆ ಅಲ್ಲಿ ಮರಗಸಿ ಮಾಡಿಸುತ್ತಾರೆ. ಯಾವ ಕೊಂಬೆ ಇರಬೇಕು, ಯಾವುದು ಬೀಳಬೇಕು ಎಂದು ನೆರಳನ್ನೇ ಸವರಿ ಹದಕ್ಕೆ ತರುವ ಕೆಲಸ. ಅಂಥ ಕಡೆಯಿಂದ ಬಂದವರಿಗೆ ನನ್ನ ರಾಗ ಅರ್ಥವಾಗದ್ದು ಸಹಜ. ನೆರಳಿನ ತೋಟ ಎನ್ನುವುದು ಹೊರದೇಶದ ಪುಸ್ತಕ ನೋಡಿ ಕಲಿಯಬೇಕಾದ ವಿದ್ಯೆ ಅಲ್ಲವೇ ಅಲ್ಲ. ಹಳೆಯ ಮನೆಗಳ ಹಿತ್ತಲೇ ಅದು. ನಾನು ಹೂವಿನ ಅಂಗಳವನ್ನು ಓಣಿಯಲ್ಲಿ ಹುಡುಕುತ್ತಿದ್ದೆ, ಅವರು ಬಂದವರೇ ಹಿತ್ತಲನ್ನು ಕಂಡರು.

ಮುಂದಿನ ಸಲ ಬರುವಾಗ ಅವರ ಕೈಚೀಲದಲ್ಲಿ ಸೀರೆಗಿಂತ ಮಣ್ಣೇ ಹೆಚ್ಚಿತ್ತು. ಮೋರಿಯ ಪಕ್ಕ ಒಂದೆಲಗ ನೆಟ್ಟರು. ಹಸಿ ಇದ್ದ ಕಡೆಗೆಲ್ಲ ಅದು ಎಳೆ ಬಿಟ್ಟು, ಗೆಣ್ಣಿಗೊಂದು ಬೇರು, ಬೇರಿಗೊಂದೆರಡು ದುಂಡನೆ ಎಲೆ ಎಂದು ಹರಡಿಕೊಂಡಿತು. ಬೇಸಿಗೆಯಲ್ಲಿ ಒಂದು ಹಿಡಿ ಕಿತ್ತು, ಜೀರಿಗೆ ಮೆಣಸು ಹುರಿದು, ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಗೋಡೆಯ ಬುಡಕ್ಕೆ ಮಾವಿನ ಶುಂಠಿ. ಗಡ್ಡೆ ಮುರಿದರೆ ಥೇಟ್ ಮಾವಿನಕಾಯಿ ವಾಸನೆ; ಮಳೆಗಾಲವೆಲ್ಲ ಸೊಂಟದೆತ್ತರ ಎಲೆ, ಚಳಿಗಾಲಕ್ಕೆ ಎಲ್ಲ ಒಣಗಿ ನೆಲ ಬೋಳು. ಮೊದಲ ವರ್ಷ ನಾನು ಸತ್ತೇಹೋಯಿತು ಎಂದುಕೊಂಡಿರುವಾಗ ಅತ್ತೆ ಕೋಲಿನಿಂದ ಕೆದಕಿ, ಉಪ್ಪಿನಕಾಯಿಗೆ ಬೇಕಾದಷ್ಟು ಎತ್ತಿಕೊಂಡು, ಉಳಿದದ್ದನ್ನು ಮುಚ್ಚಿದರು. ಏಲಕ್ಕಿ ಕೂಡ ಬಂತು. ಆದರೆ ಎಲೆ ಬಿಟ್ಟದ್ದೇ ಬಂತು, ಬೆಂಗಳೂರಿನ ಒಣ ಗಾಳಿ ಅದಕ್ಕೆ ಹಿಡಿಸಲಿಲ್ಲ. (ನರ್ಸರಿಗಳಲ್ಲಿ ಏಲಕ್ಕಿ ಎಂದು ಮಾರುವ ಗಿಡ ಅನೇಕ ಸಲ ಏಲಕ್ಕಿಯೇ ಅಲ್ಲ, ಎಲೆ ತಿಕ್ಕಿದರೆ ಪರಿಮಳ ಬರುವ ಬೇರೊಂದು ಜಾತಿ. ಪಾಯಸದ ಆಸೆ ಇಟ್ಟುಕೊಳ್ಳಬೇಡಿ.)

ಎಲ್ಲಕ್ಕಿಂತ ಅಬ್ಬರದ ಪ್ರವೇಶ ಮರಕೆಸುವಿನದು. ಅದನ್ನು ನೆಲಕ್ಕೆ ನೆಡುವುದಿಲ್ಲ. ಹೊಂಗೆಯ ಕವಲಿನಲ್ಲಿ ಒಂದು ಹಿಡಿ ತೆಂಗಿನ ನಾರು, ಹಳೇ ಎಲೆಗೊಬ್ಬರ ತುರುಕಿ, ಅದರಲ್ಲಿ ಕಡಲೆಕಾಳಿಗಿಂತ ಚಿಕ್ಕ ಗಡ್ಡೆಗಳನ್ನು ಅತ್ತೆ ಇಟ್ಟರು, ಅಂದರೆ ಸ್ಟೂಲಿನ ಮೇಲೆ ನನ್ನನ್ನು ನಿಲ್ಲಿಸಿ ಇಡಿಸಿದರು. ಆ ಪುಟ್ಟ ಗಡ್ಡೆಗಳ ಮೈಮೇಲೆ ಕೊಕ್ಕೆಯಂಥ ಮುಳ್ಳುಗಳಿವೆ. ಕಾಡಿನಲ್ಲಿ ಹಕ್ಕಿಯ ಪುಕ್ಕಕ್ಕೋ ಪ್ರಾಣಿಯ ತುಪ್ಪಳಕ್ಕೋ ಸಿಕ್ಕಿಕೊಂಡು ಮರದಿಂದ ಮರಕ್ಕೆ ಹೋಗುತ್ತವೆ. ನಮ್ಮ ಮನೆಯಲ್ಲಿ ನನ್ನ ಸ್ವೆಟರಿಗೆ ಸಿಕ್ಕಿಕೊಂಡು ಅಡುಗೆಮನೆಯವರೆಗೆ ಹೋದವು. ಜೂನಿನ ಮಳೆ ಹಿಡಿದ ಮೇಲೆ ಕವಲಿನಿಂದ ಹೃದಯದಾಕಾರದ ಎಲೆಗಳು ಇಳಿಬಿದ್ದವು. ಆಷಾಢದಲ್ಲಿ ಪತ್ರೊಡೆ. ಅಕ್ಕಿ, ಮೆಣಸು, ಕೊತ್ತಂಬರಿ, ಬೆಲ್ಲ ರುಬ್ಬಿದ ಹಿಟ್ಟಿಗೆ ಹುಣಸೆಹಣ್ಣನ್ನು ಅತ್ತೆ ಕೈ ಬಿಚ್ಚಿ ಹಾಕುತ್ತಾರೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಗಂಟಲಲ್ಲಿ ತುರಿಸುವುದು ಅವೇ. ಹುಳಿಗೂ ಬೇಯುವಿಕೆಗೂ ತಕ್ಕಮಟ್ಟಿಗೆ ಅವು ಬಗ್ಗುತ್ತವೆ. ಮೊದಲ ತುಂಡು ತಿಂದು ನೋಡುವ ಗೌರವ ನಮ್ಮ ಮನೆಯಲ್ಲಿ ಯಜಮಾನರಿಗೆ ಮೀಸಲು.

ಒಂದು ಸಂಜೆ ಅತ್ತೆಯನ್ನು ಮಾಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಗಿಡದ ಅಂಗಡಿಯಲ್ಲಿ ಎಸಿ ಗಾಳಿಯಲ್ಲಿ ಬಿಳಿ ಕುಂಡಗಳೊಳಗೆ ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಅಗ್ಲೊನೀಮ, ಪೀಸ್ ಲಿಲಿ, ಆಂಥೂರಿಯಂ ಸಾಲಾಗಿ ನಿಂತಿದ್ದವು, ಚೀಟಿಯಲ್ಲಿ ಬೆಲೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ಹಿಂದೆ ಮುಂದೆ ನೋಡಿ, ‘ಇದೆಲ್ಲ ಕೆಸುವಿನ ಬಳಗ ಅಲ್ಲನೆ?’ ಅಂದರು. ಸಸ್ಯಶಾಸ್ತ್ರ ಓದಿದವರೂ ಇದಕ್ಕೆ ತಲೆಯಾಡಿಸಬೇಕು. ಹೂವಿನ ನಡುವಿನ ದಿಂಡು, ಅದಕ್ಕೆ ಹೊದಿಸಿದ ಒಂದೇ ಒಂದು ಸೆರಗು ನೋಡಿದರೆ ವಂಶ ಗೊತ್ತಾಗುತ್ತದೆ. ಮನಿ ಪ್ಲಾಂಟ್, ಡೈಫೆನ್‌ಬೇಕಿಯ, ಬಣ್ಣದ ಕೆಲಾಡಿಯಂ, ಎಲ್ಲ ಅದೇ ಕುಟುಂಬ. ದಟ್ಟ ಕಾಡಿನ ನೆಲದಲ್ಲೋ ಮರಕ್ಕೆ ತಬ್ಬಿಕೊಂಡೋ, ಸೋಸಿ ಬಂದ ಬೆಳಕಿನಲ್ಲಿ ಬದುಕಿದವು. ಅದಕ್ಕೇ ನಮ್ಮ ಹಾಲಿನ ಮೂಲೆಯನ್ನೂ ಸಹಿಸಿಕೊಳ್ಳುತ್ತವೆ. ಆ ತುರಿಕೆಯ ಹರಳೂ ಎಲ್ಲಕ್ಕೂ ಉಂಟು, ಹಾಗಾಗಿ ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿಡುವುದು ವಾಸಿ. ‘ಪತ್ರೊಡೆ ಮಾಡಲಿಕ್ಕೆ ಬರದ ಕೆಸುವಿಗೆ ಇಷ್ಟು ದುಡ್ಡೇ!’ ಎಂದು ಅತ್ತೆ ಅಂಗಡಿಯವನಿಗೆ ಕೇಳುವಂತೆಯೇ ಹೇಳಿ ಮುಂದೆ ನಡೆದರು. ನಾನು ಹಿಂದೆ ಉಳಿದು ಒಂದು ಪೀಸ್ ಲಿಲಿ ಕೊಂಡೆ. ನೆರಳಲ್ಲಿ ಬೆಳ್ಳಗೆ ಹೂ ಬಿಡುವುದು ಅಪರೂಪ, ಬಿಡುವ ಗಿಡವನ್ನು ಬಿಡಬಾರದು. ಮನಿ ಪ್ಲಾಂಟ್ ಮಾತ್ರ ಕೊಳ್ಳಲಿಲ್ಲ. ಅದನ್ನು ಕದ್ದು ತಂದರೇ ದುಡ್ಡು ಕೂಡುವುದು ಎಂಬ ನಂಬಿಕೆಯಿಂದಾಗಿ, ಮರ್ಯಾದಸ್ಥರೂ ನೆಂಟರ ಮನೆಯಿಂದ ಒಂದು ಕಡ್ಡಿ ಮುರಿದುಕೊಂಡು ಸೆರಗಿನಲ್ಲಿಟ್ಟುಕೊಂಡು ಬರುವ ಏಕೈಕ ಗಿಡ ಅದು.

ಬೀಜ ಹಾಕಿ ಮೂರು ತಿಂಗಳಲ್ಲಿ ಹೂ ಬಿಟ್ಟು ಮುಗಿಯುವ ಗಿಡಗಳಿಗೆ ನೆರಳು ಯಾಕೆ ಆಗುವುದಿಲ್ಲ ಎನ್ನುವುದಕ್ಕೆ ಯಜಮಾನರದೊಂದು ವಾದವಿದೆ. ಅವು ದಿನಗೂಲಿಯ ಮೇಲೆ ಬದುಕುವಂಥವು. ಅಂದಂದಿನ ಬಿಸಿಲು ಅಂದಂದಿಗೆ ಬೇಕು. ವರ್ಷಗಟ್ಟಲೆ ಬಾಳುವ ನೆರಳಿನ ಗಿಡಗಳದು ಸಣ್ಣ ಸಂಬಳ, ಆದರೆ ತಿಂಗಳು ತಪ್ಪದ ಉಳಿತಾಯ, ಎಲ್ಲ ಗಡ್ಡೆಯಲ್ಲಿ ಠೇವಣಿ. ಅವರು ಏನು ಹೇಳಿದರೂ ಪಾಸ್‌ಬುಕ್ಕಿಗೇ ಬಂದು ನಿಲ್ಲುತ್ತದೆ, ಆದರೆ ಈ ಸಲ ಒಪ್ಪಿದೆ. ಕೆಸು, ಶುಂಠಿ, ಅರಿಶಿಣ, ಕೆಲಾಡಿಯಂ, ನಮ್ಮ ಓಣಿಯಲ್ಲಿ ನಿಂತವೆಲ್ಲ ಹೆಚ್ಚುಕಡಿಮೆ ಗಡ್ಡೆಯ ಗಿಡಗಳೇ. ಇವುಗಳಲ್ಲಿ ದೊಡ್ಡ ಖಾತೆದಾರ ಫುಟ್‌ಬಾಲ್ ಲಿಲಿ; ಕೆಲವರು ಮೇ ಫ್ಲವರ್ ಅನ್ನುತ್ತಾರೆ. ತಿಂಗಳುಗಟ್ಟಲೆ ಅಲ್ಲಿ ಏನೂ ಇರುವುದಿಲ್ಲ. ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದದ್ದೇ ಮಣ್ಣು ಸೀಳಿಕೊಂಡು ಚುಕ್ಕೆ ಚುಕ್ಕೆಯ ದಂಟು ಮೇಲೇಳುತ್ತದೆ. ತುದಿಯ ಮೊಗ್ಗು ಬಿಚ್ಚಿದರೆ ನೂರಕ್ಕೂ ಮಿಕ್ಕಿ ಸಣ್ಣ ಕೆಂಪು ಹೂಗಳು ಸೇರಿದ ಒಂದು ಉಂಡೆ, ಪ್ರತಿ ಹೂವಿನಿಂದ ಹಳದಿ ತುದಿಯ ಎಳೆಗಳು ಚಾಚಿಕೊಂಡಿರುತ್ತವೆ. ವಾರ ಹತ್ತು ದಿನದ ವೈಭವ. ಆಮೇಲೆ ಮಳೆಗಾಲ ಪೂರ್ತಿ ಎಲೆ ಹರಡಿ ದುಡಿದು, ಮತ್ತೆ ಮಾಯ. ಅದು ಇರುವ ಜಾಗಕ್ಕೆ ಒಂದು ಗುರುತಿನ ಕಲ್ಲು ಇಡುವುದು ಒಳ್ಳೆಯದು. ಇಲ್ಲದಿದ್ದರೆ ಕೆಲಸಕ್ಕೆ ಬಂದವರು ಅದರ ಮೇಲೆಯೇ ಇನ್ನೊಂದು ಗುಂಡಿ ತೋಡುತ್ತಾರೆ.

ಹೂವೇ ಬೇಕು ಎಂದು ಹಠ ಹಿಡಿಯುವವರಿಗೆ ಅರೆನೆರಳಲ್ಲಿ ಕನಕಾಂಬರ ಇದೆ. ವಾಸನೆ ಇಲ್ಲ ಎಂಬುದೊಂದೇ ಅದರ ಮೇಲಿನ ಆಕ್ಷೇಪ. ನಾಟಿ ಕನಕಾಂಬರದ ಒಣಗಿದ ತೆನೆಗೆ ಸಂಜೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿ, ಚಟ್ ಚಟ್ ಎಂದು ಕಾಯಿ ಸಿಡಿದು ಬೀಜ ಗೋಡೆಗೆ ಬಡಿಯುತ್ತದೆ. ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವ ‘ಡೆಲ್ಲಿ’ ಜಾತಿಗೆ ಈ ಆಟ ಗೊತ್ತಿಲ್ಲ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು.

ಹೊಂಗೆಯ ಬುಡದ ಸಂಗತಿ ಬೇರೆ. ಅಲ್ಲಿ ನೆರಳಿಗಿಂತ ಒಣ ಮಣ್ಣಿನದೇ ಕಾಟ. ಬೇರಿನ ನಡುವೆ ಗುಂಡಿ ತೋಡಲು ಹೋಗದೆ, ಮರ ಉದುರಿಸಿದ ಎಲೆಯನ್ನು ಗುಡಿಸದೆ ಅಲ್ಲೇ ಬಿಟ್ಟರೆ ಎರಡು ಮಳೆಗಾಲದಲ್ಲಿ ಕಪ್ಪನೆ ಗೊಬ್ಬರ. ಅದರಲ್ಲಿ ಜರಿಗಿಡಗಳು ಕರೆಯದೆ ಬಂದವು. ಓಣಿಯ ಕುಂಡಗಳಿಗಾದರೆ ನೀರು ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಬಿಸಿಲಿಲ್ಲದ ಕಡೆ ಗಿಡ ಕುಡಿಯುವುದೂ ನಿಧಾನ. ನೆರಳಿನ ಗಿಡಗಳು ಬಾಯಾರಿ ಸತ್ತದ್ದಕ್ಕಿಂತ ನಮ್ಮ ಪ್ರೀತಿಗೆ ಬೇರು ಕೊಳೆತು ಸತ್ತದ್ದೇ ಹೆಚ್ಚು. ತಂಪು ಇದ್ದಮೇಲೆ ಬಸವನಹುಳುವೂ ಉಂಟು. ಬೆಂಗಳೂರಿನ ಮಳೆಗಾಲದಲ್ಲಿ ಗೋಡೆ ಹತ್ತುವ ಆ ದೊಡ್ಡ ಆಫ್ರಿಕನ್ ಬಸವನಹುಳುವನ್ನು ಭಾರತಕ್ಕೆ ತಂದವರು ವಿಲಿಯಂ ಬೆನ್ಸನ್ ಎಂಬ ಸಾಹೇಬರು. 1847ರಲ್ಲಿ, ಮಾರಿಷಸ್‌ನಿಂದ ಕೋಲ್ಕತ್ತಕ್ಕೆ, ಶಂಖದ ಹುಳುಗಳ ಮೇಲಿನ ಅಕ್ಕರೆಯಿಂದ. ಅವರ ಅಕ್ಕರೆ ಈಗ ನನ್ನ ಪೀಸ್ ಲಿಲಿಯನ್ನು ತಿನ್ನುತ್ತಿದೆ. ಉಪ್ಪು ಸುರಿದರೆ ಮಣ್ಣು ಹಾಳು. ರಾತ್ರಿ ಪರಂಗಿ ಎಲೆ ಇಟ್ಟು, ಬೆಳಿಗ್ಗೆ ಅದರಡಿ ಸೇರಿದವನ್ನು ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಹೆಕ್ಕುವ ಕೆಲಸ ನಮ್ಮಲ್ಲಿ ಪತ್ರೊಡೆ ತಿಂದವರದು.

ಹೀಗೆ ಓಣಿ ತುಂಬಿ, ಬಂದವರೆಲ್ಲ ‘ಏನ್ರೀ, ಮಲೆನಾಡು ಮಾಡ್ಬಿಟ್ಟಿದೀರಿ’ ಎನ್ನುವ ಹೊತ್ತಿಗೆ, ಏಪ್ರಿಲ್‌ನಲ್ಲಿ ವಿದ್ಯುತ್ ತಂತಿಗೆ ತಾಗುತ್ತದೆಂದು ಯಾರೋ ಏಣಿ ತಂದು ಹೊಂಗೆಯ ಅರ್ಧ ತಲೆ ಬೋಳಿಸಿ ಹೋದರು. ಅತ್ತೆಯ ಮರಗಸಿ ಬೇರೆ, ಇದು ಬೇರೆ. ಮರುದಿನದಿಂದ ಓಣಿಯ ಹಿಂಬದಿಗೆ ಬಿಸಿಲು ದಬದಬ ಸುರಿಯತೊಡಗಿತು. ಇಷ್ಟು ವರ್ಷ ಇಲ್ಲ ಇಲ್ಲ ಎಂದು ಗೋಳಾಡಿದ್ದ ಅದೇ ಬಿಸಿಲು. ಅಗ್ಲೊನೀಮದ ಎಲೆ ಅಂಚಿನಿಂದ ಕಂದಿತು, ಒಂದೆಲಗ ಸೊರಗಿತು.

ಓಡಿದೆ ಅಂಗಡಿಗೆ, ಹಸಿರು ಶೇಡ್ ನೆಟ್ ತರಲು. ‘ಎಷ್ಟು ಪರ್ಸೆಂಟ್ ಬೇಕು ಮೇಡಂ? 50 ಇದೆ, 75 ಇದೆ, 90 ಇದೆ’ ಎಂದು ಅಂಗಡಿಯವನು ಸುರುಳಿಗಳನ್ನು ಉರುಳಿಸಿದ. 50ರದ್ದನ್ನು ಮೀಟರಿನ ಲೆಕ್ಕದಲ್ಲಿ ಅಳೆಸಿಕೊಂಡು ಬಂದೆ. ‘ನೆರಳನ್ನ ದುಡ್ಡು ಕೊಟ್ಟು ತಂದ್ಯಾ?’ ಎಂದು ಅತ್ತೆ ಸಾಗರದಿಂದ ಫೋನಿನಲ್ಲೇ ಹಣೆ ಚಚ್ಚಿಕೊಂಡರು. ಯಜಮಾನರು ಬಿಲ್ ಕೇಳಿದರು.

ಒಂದು ಅಂಚನ್ನು ನಮ್ಮ ಸಜ್ಜಕ್ಕೆ ಕಟ್ಟಿದ್ದಾಯಿತು. ಇನ್ನೊಂದು ಅಂಚಿಗೆ ಆಸರೆ ಇದ್ದದ್ದು ಪಕ್ಕದ ನಾಲ್ಕಂತಸ್ತಿನ ಗೋಡೆ ಮಾತ್ರ. ಸಂಕೋಚಪಟ್ಟುಕೊಂಡೇ ಹೋಗಿ, ಒಂದೆರಡು ಮೊಳೆ ಹೊಡೆದುಕೊಳ್ಳಲೇ ಎಂದು ಕೇಳಿದೆ. ಮೊದಲ ಮಹಡಿಯ ಬಾಲ್ಕನಿಯಲ್ಲಿ ಹಪ್ಪಳ ಹರವುತ್ತಿದ್ದ ಆ ಮನೆಯ ಸೊಸೆ ಬಗ್ಗಿ ನೋಡಿ ಹೇಳಿದಳು: ‘ಹೊಡ್ಕೊಳ್ಳಿ ಆಂಟಿ, ಅದಕ್ಕೇನಂತೆ. ಆದ್ರೆ ಸ್ವಲ್ಪ ಕೆಳಗೇ ಕಟ್ಟಿಸಿ, ನಮ್ಮ ಬಾಲ್ಕನಿ ಬಿಸಿಲಿಗೆ ಅಡ್ಡ ಬರಬಾರದು ನೋಡಿ.’